ಕ್ಯಾನ್ಸರ್ ಚಿಕಿತ್ಸೆಯ ನಂತರದ ದಾಂಪತ್ಯ: ಮೊದಲ ಪ್ರಶ್ನೆ ಕೇಳಲು ವೈದ್ಯರು ಕಲಿಯುವುದು ಹೇಗೆ?

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಕುಟುಂಬಗಳಿಗೆ ಕ್ಯಾನ್ಸರ್ ಚಿಕಿತ್ಸೆಯೆಂದರೆ ಬಹುಕಾಲದಿಂದ ಬೆಳಗಿನ ಬಸ್ಸು ಹಿಡಿದು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿಬರುವುದೇ ಆಗಿತ್ತು. 1973ರಲ್ಲಿ ಆರಂಭವಾದ ಆ ಸಂಸ್ಥೆಗೆ ನಮ್ಮ ಭಾಗದ ರೋಗಿಗಳು ಇಂದಿಗೂ ಹೋಗುತ್ತಾರೆ. ಆದರೆ 2025ರಲ್ಲಿ ರಾಜ್ಯ ಸರ್ಕಾರವು ಹಲವು ಜಿಲ್ಲೆಗಳ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೊಥೆರಪಿ ಕೇಂದ್ರಗಳನ್ನು, ಅಂದರೆ ಕ್ಯಾನ್ಸರ್ ಔಷಧ ಪಡೆದು ಅಂದೇ ಮನೆಗೆ ಮರಳುವ ವ್ಯವಸ್ಥೆಯನ್ನು, ತೆರೆದ ಮೇಲೆ, ಚಿಕಿತ್ಸೆಯ ಒಂದು ಭಾಗವಾದರೂ ಮನೆಗೆ ಹತ್ತಿರವಾಗುವ ದಿನಗಳು ಬಂದಿವೆ. ಚಿಕಿತ್ಸೆ ಹತ್ತಿರವಾದಂತೆ, ಚಿಕಿತ್ಸೆಯ ನಂತರದ ಬದುಕಿನ ಪ್ರಶ್ನೆಗಳೂ ಸ್ಥಳೀಯ ವೈದ್ಯರ, ನರ್ಸ್‌ಗಳ, ಆಶಾ ಕಾರ್ಯಕರ್ತೆಯರ ಮುಂದೆ ಬರುತ್ತವೆ. ಏನು ತಿನ್ನಬೇಕು, ಹೊಲದ ಕೆಲಸಕ್ಕೆ ಯಾವಾಗ ಹೋಗಬಹುದು, ರೇಷ್ಮೆ ಹುಳುವಿನ ಮನೆಯಲ್ಲಿ ದಿನವಿಡೀ ನಿಂತು ದುಡಿಯಬಹುದೇ ಎಂದು ರೋಗಿಗಳು ಕೇಳುತ್ತಾರೆ, ಉತ್ತರವನ್ನೂ ಪಡೆಯುತ್ತಾರೆ. ಗಂಡ ಹೆಂಡತಿ ಮತ್ತೆ ಒಂದಾಗಬಹುದೇ ಎಂಬುದನ್ನು ಮಾತ್ರ ಬಹುತೇಕರು ಕೇಳುವುದಿಲ್ಲ. ಆ ಮಾತನ್ನು ತಾವಾಗಿ ಎತ್ತುವ ವೈದ್ಯರೂ ಕಡಿಮೆ.

ಈ ಮಾತನ್ನು ಆರಂಭಿಸಲು ಕ್ಯಾನ್ಸರ್ ಚಿಕಿತ್ಸಾ ಸಿಬ್ಬಂದಿಗೆ ತರಬೇತಿ ಕೊಡುವ ಪ್ರಯತ್ನಗಳು ಹಲವು ದೇಶಗಳಲ್ಲಿ ನಡೆದಿವೆ. ಆ ತರಬೇತಿ ಏಕೆ ಬೇಕು, ಅದರಲ್ಲಿ ಏನನ್ನು ಕಲಿಸುತ್ತಾರೆ, ನಮ್ಮಂಥ ಜಿಲ್ಲೆಯಲ್ಲಿ ಅದು ಹೇಗಿರಬೇಕಾಗುತ್ತದೆ ಎಂಬುದನ್ನು ಬುಡದಿಂದ ನೋಡೋಣ.

ಲೈಂಗಿಕ ಆರೋಗ್ಯ ಎಂದರೆ ಏನು?

ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯಾನದಂತೆ ಲೈಂಗಿಕ ಆರೋಗ್ಯವೆಂದರೆ ಕೇವಲ ರೋಗವಿಲ್ಲದಿರುವುದಲ್ಲ. ಲೈಂಗಿಕತೆಗೆ ಸಂಬಂಧಿಸಿದಂತೆ ದೇಹ, ಮನಸ್ಸು, ಭಾವನೆ ಮತ್ತು ಸಾಮಾಜಿಕ ಬದುಕು ಎಲ್ಲವೂ ನೆಮ್ಮದಿಯಿಂದಿರುವ ಸ್ಥಿತಿ. ಈ ಅರ್ಥದಲ್ಲಿ ಸಂಭೋಗ ಅದರ ಒಂದು ಭಾಗ ಮಾತ್ರ. ಆಸೆ ಹುಟ್ಟುವುದು, ನೋವಿಲ್ಲದೆ ಸೇರಲು ಸಾಧ್ಯವಾಗುವುದು, ತನ್ನ ದೇಹವನ್ನು ತಾನೇ ಒಪ್ಪಿಕೊಳ್ಳುವುದು, ಸಂಗಾತಿಯ ಪಕ್ಕದಲ್ಲಿ ಹೆದರಿಕೆಯಿಲ್ಲದೆ ಮಲಗುವುದು, ಮಕ್ಕಳು ಬೇಕೆಂದವರಿಗೆ ಆ ಸಾಧ್ಯತೆ ಉಳಿದಿರುವುದು, ಬೇಡವೆನಿಸಿದಾಗ ಬೇಡವೆನ್ನುವ ಸ್ವಾತಂತ್ರ್ಯವಿರುವುದು ಇವೆಲ್ಲ ಅದರೊಳಗೆ ಬರುತ್ತವೆ. ಆದ್ದರಿಂದ ಇದು ಯೌವನದವರಿಗೆ ಅಥವಾ ಮದುವೆಯಾದವರಿಗೆ ಮಾತ್ರ ಸೇರಿದ ವಿಷಯವೆಂದು ಮೊದಲೇ ತೀರ್ಮಾನಿಸುವುದು ಸರಿಯಲ್ಲ.

ಚಿಕಿತ್ಸೆ ದೇಹದಲ್ಲಿ ಏನನ್ನು ಬದಲಿಸುತ್ತದೆ?

ಭಾರತದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಮೊದಲ ಸ್ಥಾನದಲ್ಲಿದ್ದರೆ ಗರ್ಭಕೊರಳಿನ ಕ್ಯಾನ್ಸರ್ ಎರಡನೆಯ ಸ್ಥಾನದಲ್ಲಿದೆ. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ದೇಶದಲ್ಲಿ ಆ ವರ್ಷ ಸುಮಾರು 1,27,000 ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ರೋಗ ಸ್ವಲ್ಪ ಮುಂದುವರಿದಿದ್ದರೆ ಇದಕ್ಕೆ ಮುಖ್ಯ ಚಿಕಿತ್ಸೆ ವಿಕಿರಣ, ಅಂದರೆ ನಮ್ಮ ಜನ ‘ಕರೆಂಟ್ ಕೊಡುವುದು’ ಎನ್ನುವ ರೇಡಿಯೊಥೆರಪಿ. ಸಾಮಾನ್ಯವಾಗಿ ಹೊರಗಿನಿಂದ ಸುಮಾರು ಐದು ವಾರ ವಿಕಿರಣ ಕೊಟ್ಟು, ಆಮೇಲೆ ಯೋನಿಯ ಮೂಲಕ ಉಪಕರಣವಿಟ್ಟು ಒಳಗಿನಿಂದಲೂ ಕೊಡುತ್ತಾರೆ. ಗಡ್ಡೆಯನ್ನು ಸುಡುವ ವಿಕಿರಣ ಅದರ ಸುತ್ತಲಿನ ಮೃದುವಾದ ಪೊರೆಯನ್ನೂ ತಾಕುತ್ತದೆ. ಗಾಯ ಮಾಗುವಾಗ ಆ ಪೊರೆ ಗಡುಸಾಗಿ, ಯೋನಿಯ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುವ, ದಾರಿ ಕಿರಿದಾಗಿ ಮೋಟಾಗುವ ಸಾಧ್ಯತೆಯಿರುತ್ತದೆ. ಅಂಡಾಶಯಗಳು ವಿಕಿರಣಕ್ಕೆ ಸಿಕ್ಕಿದರೆ ಚಿಕ್ಕ ವಯಸ್ಸಿನಲ್ಲೇ ಮುಟ್ಟು ನಿಲ್ಲುತ್ತದೆ. ಈಸ್ಟ್ರೊಜನ್ ಹಾರ್ಮೋನು ಕಡಿಮೆಯಾಗಿ ಯೋನಿ ಒಣಗುತ್ತದೆ.

ಇದಕ್ಕೆ ಪರಿಹಾರವಿದೆ ಎಂಬುದೇ ಮುಖ್ಯವಾದ ಸಂಗತಿ. ವಿಕಿರಣ ಚಿಕಿತ್ಸೆ ಮುಗಿದು ಕೆಲವು ವಾರಗಳಾದ ಮೇಲೆ, ವೈದ್ಯರು ಪರೀಕ್ಷಿಸಿ ಒಪ್ಪಿದ ನಂತರ, ಡೈಲೇಟರ್ ಎಂಬ ನಯವಾದ ಕೊಳವೆಯಾಕಾರದ ಸಾಧನವನ್ನು ಜೆಲ್ ಹಚ್ಚಿ ವಾರಕ್ಕೆ ಎರಡು ಮೂರು ಸಲ ಕೆಲವು ನಿಮಿಷ ಬಳಸಿದರೆ ದಾರಿ ಮುಚ್ಚಿಕೊಳ್ಳುವುದನ್ನು ಬಹುಮಟ್ಟಿಗೆ ತಡೆಯಬಹುದೆಂದು ತಜ್ಞರು ಸಲಹೆ ಕೊಡುತ್ತಾರೆ. ಸಂಭೋಗದಲ್ಲಿ ಆಸಕ್ತಿಯಿಲ್ಲದ ಮಹಿಳೆಗೂ ಇದರಿಂದ ಉಪಯೋಗವಿದೆ, ಏಕೆಂದರೆ ದಾರಿ ಮುಚ್ಚಿಹೋದರೆ ರೋಗ ಮರುಕಳಿಸಿದೆಯೇ ಎಂದು ವೈದ್ಯರು ಒಳಗೆ ಪರೀಕ್ಷಿಸುವುದೇ ಕಷ್ಟವಾಗುತ್ತದೆ. ಆದರೆ ಯಾರೂ ಹೇಳದಿದ್ದರೆ ಆಕೆಗೆ ಇದು ತಿಳಿಯುವ ದಾರಿಯೇ ಇಲ್ಲ. ವರ್ಷದ ನಂತರ ತಿಳಿಯುವ ಹೊತ್ತಿಗೆ ಅಂಟಿಕೊಂಡದ್ದನ್ನು ಬಿಡಿಸುವುದು ಬಹಳ ಕಠಿಣವಾಗಿರುತ್ತದೆ.

ಸ್ತನ ಕ್ಯಾನ್ಸರಿನಲ್ಲಿ ಬದಲಾವಣೆಯ ಬಗೆ ಬೇರೆ. ಸ್ತನ ತೆಗೆದ ಮೇಲೆ ಕನ್ನಡಿಯ ಮುಂದೆ ನಿಲ್ಲಲಾಗದ, ಗಂಡನ ಎದುರು ಸೀರೆ ಬದಲಿಸಲಾಗದ ಸಂಕಟ ಒಂದು ಕಡೆ. ರೋಗ ಮರುಕಳಿಸದಂತೆ ಈಸ್ಟ್ರೊಜನ್ ತಗ್ಗಿಸುವ ಲೆಟ್ರೊಜೋಲ್, ಅನಾಸ್ಟ್ರೊಜೋಲ್‌ನಂಥ ಮಾತ್ರೆಗಳನ್ನು ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ನುಂಗುವಾಗ ಬರುವ ಯೋನಿಯ ಒಣಗುವಿಕೆ, ಕೀಲುನೋವು ಇನ್ನೊಂದು ಕಡೆ. ಮಿಲನದ ನೋವನ್ನು ಯಾರಿಗೂ ಹೇಳಿಕೊಳ್ಳಲಾಗದೆ ಮಾತ್ರೆಯನ್ನೇ ಬಿಟ್ಟುಬಿಟ್ಟರೆ ರೋಗ ಮರುಕಳಿಸುವ ಅಪಾಯ ಹೆಚ್ಚುತ್ತದೆ. ದಾಂಪತ್ಯದ ಪ್ರಶ್ನೆ ಜೀವದ ಪ್ರಶ್ನೆಯೂ ಆಗುವುದು ಇಲ್ಲಿಯೇ.

ಪುರುಷರಲ್ಲಿ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಎರಡೂ ಬದಿಯಲ್ಲಿ ಶಿಶ್ನದ ನಿಮಿರುವಿಕೆಗೆ ಬೇಕಾದ ಸೂಕ್ಷ್ಮ ನರಗಳು ಹಾದುಹೋಗುತ್ತವೆ. ಕ್ಯಾನ್ಸರಿನಿಂದಾಗಿ ಗ್ರಂಥಿಯನ್ನು ತೆಗೆಯುವಾಗ ಅವುಗಳಿಗೆ ಪೆಟ್ಟಾದರೆ ನಿಮಿರುವಿಕೆ ಮರಳಲು ಒಂದೂವರೆಯಿಂದ ಎರಡು ವರ್ಷ ಬೇಕಾಗಬಹುದು, ಕೆಲವರಲ್ಲಿ ಮರಳದೆಯೂ ಇರಬಹುದು. ಆ ಶಸ್ತ್ರಚಿಕಿತ್ಸೆಯ ನಂತರ ಸುಖದ ಅನುಭವ ಉಳಿದರೂ ವೀರ್ಯ ಹೊರಬರುವುದಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಮನುಷ್ಯ ತನಗೇನೋ ಆಗಿಹೋಯಿತೆಂದು ಗಾಬರಿಯಾಗುತ್ತಾನೆ. ಸಿಲ್ಡೆನಾಫಿಲ್‌ನಂಥ ಮಾತ್ರೆಗಳು ಕೆಲವರಿಗೆ ನೆರವಾಗುತ್ತವೆ, ಆದರೆ ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ನುಂಗಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ಮೆಡಿಕಲ್ ಸ್ಟೋರಿನಲ್ಲಿ ಗುಟ್ಟಾಗಿ ಕೇಳಿ ತರುವ ವಸ್ತು ಇದಲ್ಲ.

ನಮ್ಮ ಭಾಗದಲ್ಲಿ ತಂಬಾಕು, ಅಡಿಕೆ ಜಗಿಯುವುದರಿಂದ ಬರುವ ಬಾಯಿ, ಕೆನ್ನೆಯ ಕ್ಯಾನ್ಸರನ್ನು ಯಾರೂ ಲೈಂಗಿಕ ಆರೋಗ್ಯದೊಂದಿಗೆ ಜೋಡಿಸಿ ನೋಡುವುದಿಲ್ಲ. ದವಡೆಯ ಒಂದು ಭಾಗ ಹೋದವರಿಗೆ, ಬಾಯಿ ಪೂರ್ತಿ ತೆರೆಯಲಾಗದವರಿಗೆ, ಜೊಲ್ಲು ತಡೆಯಲಾಗದವರಿಗೆ, ವಾಸನೆ ಬರುತ್ತಿದೆಯೇನೋ ಎಂದು ಸದಾ ಅಳುಕುವವರಿಗೆ ಮುತ್ತು ಕೊಡುವುದಿರಲಿ, ಹತ್ತಿರ ಕೂರುವುದೇ ಕಷ್ಟವಾಗುತ್ತದೆ. ಕರುಳಿನ ಕ್ಯಾನ್ಸರಿನಿಂದ ಹೊಟ್ಟೆಯ ಮೇಲೆ ಮಲದ ಚೀಲ ಕಟ್ಟಿಕೊಂಡವರ ಪಾಡೂ ಇದೇ. ಜನನಾಂಗಕ್ಕೆ ಸಂಬಂಧಿಸಿದ ಕ್ಯಾನ್ಸರುಗಳಲ್ಲಿ ಮಾತ್ರ ಈ ಪ್ರಶ್ನೆ ಕೇಳಿದರೆ ಇವರೆಲ್ಲರೂ ಬಿಟ್ಟುಹೋಗುತ್ತಾರೆ.

ಇಬ್ಬರೂ ಏಕೆ ಸುಮ್ಮನಿರುತ್ತಾರೆ?

ಜೀವ ಉಳಿಸಿಕೊಳ್ಳಲು ಬಂದಿರುವಾಗ ಇಂಥದ್ದನ್ನು ಕೇಳಿದರೆ ಡಾಕ್ಟರು ಏನೆಂದುಕೊಂಡಾರು ಎಂದು ರೋಗಿ ಹಿಂಜರಿಯುತ್ತಾರೆ. ಮುಖ್ಯವಾದ ವಿಷಯವಾಗಿದ್ದರೆ ಡಾಕ್ಟರೇ ಹೇಳುತ್ತಿದ್ದರು ಎಂದೂ ಭಾವಿಸುತ್ತಾರೆ. ವೈದ್ಯರು ಇದೇ ತರ್ಕವನ್ನು ತಿರುಗಿಸಿ, ತೊಂದರೆಯಿದ್ದರೆ ರೋಗಿಯೇ ಹೇಳುತ್ತಾರೆ ಎಂದುಕೊಳ್ಳುತ್ತಾರೆ. ಹೊರರೋಗಿ ವಿಭಾಗದಲ್ಲಿ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಅದರಲ್ಲಿ ಸ್ಕ್ಯಾನ್ ನೋಡಬೇಕು, ರಕ್ತಪರೀಕ್ಷೆಯ ವರದಿ ನೋಡಬೇಕು, ಮುಂದಿನ ಔಷಧ ಬರೆಯಬೇಕು. ಕೇಳಿ ಅವಮಾನ ಮಾಡಿದಂತಾದರೆ ಎಂಬ ಭಯವೂ, ಕೇಳಿದ ಮೇಲೆ ಕೊಡಲು ಉತ್ತರವಿಲ್ಲದಿದ್ದರೆ ಎಂಬ ಅಳುಕೂ ಜೊತೆಗಿರುತ್ತವೆ. ವಯಸ್ಸಾದ ಹೆಂಗಸು, ವಿಧವೆ, ಮದುವೆಯಾಗದ ಯುವಕ ಎಂದು ನೋಡಿದೊಡನೆ ಇವರಿಗೆ ಇದು ಬೇಕಿಲ್ಲವೆಂದು ಮನಸ್ಸು ತಾನಾಗಿ ತೀರ್ಮಾನಿಸಿಬಿಡುತ್ತದೆ.

ರೋಗಿಗೆ ಧೈರ್ಯ ಹೇಳಿ ಈ ಮೌನವನ್ನು ಮುರಿಯಲಾಗದು ಎಂಬುದು ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ಕಂಡುಕೊಂಡ ಸತ್ಯ. ಅಮೆರಿಕದ ಕ್ಲಿನಿಕಲ್ ಆಂಕಾಲಜಿ ಸೊಸೈಟಿ 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿ, ಲೈಂಗಿಕ ಆರೋಗ್ಯದ ಮಾತನ್ನು ಚಿಕಿತ್ಸಾ ತಂಡದ ಒಬ್ಬರು ತಾವೇ ಆರಂಭಿಸಬೇಕೆಂದು ಹೇಳುತ್ತದೆ. ಮಾತೆತ್ತುವ ಹೊಣೆ ಮೇಜಿನ ಆ ಬದಿಯಲ್ಲಿ ಕುಳಿತ ವೈದ್ಯರು, ನರ್ಸ್‌ಗಳದು ಎಂದಾದ ಮೇಲೆ, ಅದನ್ನು ಮಾಡುವ ಬಗೆಯನ್ನು ಅವರಿಗೆ ಕಲಿಸುವುದೂ ಅನಿವಾರ್ಯವಾಗುತ್ತದೆ.

ತರಬೇತಿಯಲ್ಲಿ ಏನನ್ನು ಕಲಿಸುತ್ತಾರೆ?

ಜಗತ್ತಿನಾದ್ಯಂತ ಹೆಚ್ಚಾಗಿ ಬಳಕೆಯಲ್ಲಿರುವುದು 1976ರಲ್ಲಿ ಜ್ಯಾಕ್ ಆನನ್ ಎಂಬ ಮನಶ್ಶಾಸ್ತ್ರಜ್ಞ ರೂಪಿಸಿದ ‘ಪ್ಲಿಸಿಟ್’ ಎಂಬ ಮಾದರಿ. ಇದನ್ನು ನಮ್ಮ ಊರುಗಳ ಕಲ್ಯಾಣಿಯ ಮೆಟ್ಟಿಲುಗಳಂತೆ ಕಲ್ಪಿಸಿಕೊಳ್ಳಬಹುದು: ಮೇಲಿನ ಮೆಟ್ಟಿಲಿಗೆ ಎಲ್ಲರೂ ಬರುತ್ತಾರೆ, ಕೆಳಗಿಳಿದಂತೆ ಮೆಟ್ಟಿಲಿನ ಅಗಲವೂ ಕಡಿಮೆ, ಇಳಿಯುವವರೂ ಕಡಿಮೆ. ಮೊದಲ ಮೆಟ್ಟಿಲು ಅನುಮತಿ. ಅಂದರೆ ಈ ವಿಷಯವನ್ನು ಇಲ್ಲಿ ಮಾತನಾಡಬಹುದು ಎಂದು ರೋಗಿಗೆ ತಿಳಿಯುವಂತೆ ಮಾಡುವುದು. ಎರಡನೆಯದು ಅಗತ್ಯವಿರುವಷ್ಟು ಮಾಹಿತಿ: ಈ ಚಿಕಿತ್ಸೆಯಿಂದ ಒಣಗುವಿಕೆ ಸಾಮಾನ್ಯ, ಇದು ನಿಮ್ಮ ತಪ್ಪಲ್ಲ, ಇಂತಿಷ್ಟು ಕಾಲದಲ್ಲಿ ಕಡಿಮೆಯಾಗಬಹುದು ಎಂಬಂಥ ಮಾತುಗಳು. ಮೂರನೆಯದು ಆ ವ್ಯಕ್ತಿಗೆ ಹೊಂದುವ ನಿರ್ದಿಷ್ಟ ಸಲಹೆ: ಯಾವ ಜೆಲ್, ಡೈಲೇಟರ್ ಬಳಸುವ ಕ್ರಮ, ಯಾವ ಭಂಗಿಯಲ್ಲಿ ನೋವು ಕಡಿಮೆ, ದಣಿವು ಕಡಿಮೆಯಿರುವ ಹೊತ್ತು ಯಾವುದು. ನಾಲ್ಕನೆಯದು ಆಳವಾದ ಚಿಕಿತ್ಸೆ. ಸ್ತ್ರೀರೋಗ ತಜ್ಞರು, ಮೂತ್ರರೋಗ ತಜ್ಞರು, ಮನೋವೈದ್ಯರು ಅಥವಾ ಆಪ್ತಸಮಾಲೋಚಕರು ಮಾಡಬೇಕಾದದ್ದು.

ಹೆಚ್ಚಿನ ರೋಗಿಗಳ ಅಗತ್ಯ ಮೊದಲ ಎರಡು ಮೆಟ್ಟಿಲುಗಳಲ್ಲೇ ಪೂರೈಸುತ್ತದೆ ಎಂಬುದು ಈ ಮಾದರಿಯ ತಿರುಳು, ಮತ್ತು ತರಬೇತಿಗೆ ಬಂದ ವೈದ್ಯರಿಗೆ ದೊಡ್ಡ ನೆಮ್ಮದಿ ಕೊಡುವ ಸಂಗತಿಯೂ ಇದೇ. ಎಲ್ಲದಕ್ಕೂ ತಾವೇ ಉತ್ತರ ಕೊಡಬೇಕಿಲ್ಲ. ಕೇಳಬೇಕು, ತಿಳಿದಷ್ಟನ್ನು ಹೇಳಬೇಕು, ಉಳಿದದ್ದಕ್ಕೆ ಸರಿಯಾದವರ ಬಳಿ ಕಳಿಸಬೇಕು. 2006ರಲ್ಲಿ ಈ ಮಾದರಿಯನ್ನು ಇಬ್ಬರು ತಜ್ಞರು ಪರಿಷ್ಕರಿಸಿ, ಅನುಮತಿಯ ಮಾತು ಒಂದು ಸಲ ಆಡಿ ಮುಗಿಸುವಂಥದ್ದಲ್ಲ, ಪ್ರತಿ ಹಂತದಲ್ಲೂ ಮತ್ತೆ ಕೇಳಬೇಕಾದದ್ದು ಎಂದು ಸೇರಿಸಿದರು.

ಕೇಳುವ ವಾಕ್ಯವನ್ನು ಹೇಗೆ ಕಟ್ಟಬೇಕೆಂಬುದೇ ತರಬೇತಿಯ ಹೃದಯಭಾಗ. ‘ನಿಮಗೆ ಏನಾದರೂ ಲೈಂಗಿಕ ಸಮಸ್ಯೆ ಇದೆಯೇ?’ ಎಂದು ನೇರವಾಗಿ ಕೇಳಿದರೆ ‘ಇಲ್ಲ’ ಎಂಬ ಉತ್ತರ ತಟ್ಟನೆ ಬರುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ಅದರ ಬದಲು ಮೊದಲು ಸಂಗತಿಯನ್ನು ಸಹಜಗೊಳಿಸಿ, ಆಮೇಲೆ ಕೇಳಲು ಕಲಿಸುತ್ತಾರೆ. ನಮ್ಮ ಕಡೆಯ ಮಾತಿನಲ್ಲಿ ಅದು ಹೀಗಿರಬಹುದು: ‘ಅಮ್ಮಾ, ಕರೆಂಟ್ ಟ್ರೀಟ್‌ಮೆಂಟ್ ತಗೊಂಡವರಲ್ಲಿ ತುಂಬಾ ಜನಕ್ಕೆ ಗಂಡ ಹೆಂಡತಿ ಸೇರೋವಾಗ ನೋವು, ಒಣಗಿದ ಹಾಗೆ ಆಗೋದು ಇರುತ್ತೆ. ನಾನು ಎಲ್ಲರನ್ನೂ ಕೇಳ್ತೀನಿ. ನಿಮಗೂ ಹಾಗೇನಾದ್ರೂ ಆಗಿದೆಯಾ? ಈಗ ಹೇಳೋಕೆ ಇಷ್ಟ ಇಲ್ಲ ಅಂದ್ರೆ ಮುಂದಿನ ಸಲ ಬಂದಾಗ ಹೇಳಿ, ಪರವಾಗಿಲ್ಲ.’ ಇದರಲ್ಲಿ ‘ತುಂಬಾ ಜನಕ್ಕೆ’, ‘ಎಲ್ಲರನ್ನೂ ಕೇಳ್ತೀನಿ’ ಎಂಬ ಮಾತುಗಳು ನಾಚಿಕೆಯ ಭಾರವನ್ನು ಇಳಿಸುತ್ತವೆ. ಕೊನೆಯ ವಾಕ್ಯ ಉತ್ತರಿಸದಿರುವ ಹಕ್ಕನ್ನು ಉಳಿಸುತ್ತದೆ. ಮದುವೆಯಾಗಿದೆಯೋ ಇಲ್ಲವೋ ತಿಳಿಯದಿದ್ದಾಗ, ಅಥವಾ ಸಂಗಾತಿ ಯಾರೆಂದು ಊಹಿಸಲಾಗದಿದ್ದಾಗ ಗಂಡ, ಹೆಂಡತಿ ಎಂಬ ಮಾತನ್ನು ಬಿಟ್ಟು ‘ನಿಮಗೆ ಹತ್ತಿರವಾದವರು’ ಎಂದು ಕೇಳುವುದನ್ನೂ ಅಭ್ಯಾಸ ಮಾಡಿಸಬೇಕಾಗುತ್ತದೆ.

ಇಂಥ ವಾಕ್ಯಗಳನ್ನು ಓದಿದರೆ ಸಾಲದು, ಬಾಯಿಬಿಟ್ಟು ಆಡಿಯೇ ರೂಢಿಯಾಗಬೇಕು. ಆದ್ದರಿಂದ ತರಬೇತಿಗಳಲ್ಲಿ ಒಬ್ಬರು ರೋಗಿಯಾಗಿ, ಇನ್ನೊಬ್ಬರು ವೈದ್ಯರಾಗಿ ಪಾತ್ರಾಭಿನಯ ಮಾಡುತ್ತಾರೆ. ಉಳಿದವರು ನೋಡಿ, ಎಲ್ಲಿ ದನಿ ತಗ್ಗಿತು, ಎಲ್ಲಿ ಕಣ್ಣು ಕಾಗದದ ಕಡೆ ಜಾರಿತು, ರೋಗಿ ಮಾತು ಆರಂಭಿಸುವ ಮೊದಲೇ ಎಲ್ಲಿ ಸಲಹೆ ಬಂದುಬಿಟ್ಟಿತು ಎಂದು ಹೇಳುತ್ತಾರೆ. ನಮ್ಮ ಭಾಗದಲ್ಲಿ ಈ ಅಭ್ಯಾಸ ಕನ್ನಡದಲ್ಲಿ ನಡೆದರಷ್ಟೇ ಸಾಕಾಗುವುದಿಲ್ಲ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿಯ ಅನೇಕ ಮನೆಗಳಲ್ಲಿ ತೆಲುಗು ಮಾತು, ಕೆಜಿಎಫ್‌ನಲ್ಲಿ ತಮಿಳು. ಭಾಷೆ ಬಾರದ ವೈದ್ಯರು ಜೊತೆಗೆ ಬಂದ ಮಗನನ್ನೋ ಸೊಸೆಯನ್ನೋ ನಡುವೆ ನಿಲ್ಲಿಸಿ ಇದನ್ನು ಕೇಳುವಂತಿಲ್ಲ; ಆ ಭಾಷೆ ಬಲ್ಲ ನರ್ಸ್ ಒಬ್ಬರು ತಂಡದಲ್ಲಿ ತರಬೇತಿ ಪಡೆದಿರಬೇಕು.

ಬೇರುಬಿಟ್ಟ ಭಯಗಳು

ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ ಎಂದು ನಂಬಿ ತಟ್ಟೆ, ಹಾಸಿಗೆ ಬೇರೆ ಮಾಡಿದ ಮನೆಗಳಿವೆ. ಸಂಭೋಗದಿಂದ ಕ್ಯಾನ್ಸರ್ ಸಂಗಾತಿಗೆ ಹರಡುವುದಿಲ್ಲ, ರೋಗಿಯಲ್ಲಿ ಮರುಕಳಿಸುವುದೂ ಇಲ್ಲ. ಹೊರಗಿನಿಂದ ಕೊಡುವ ವಿಕಿರಣ ದೇಹದಲ್ಲಿ ಉಳಿಯುವುದಿಲ್ಲವಾದ್ದರಿಂದ ಪಕ್ಕದಲ್ಲಿ ಮಲಗಿದವರಿಗೂ, ಎತ್ತಿಕೊಂಡ ಮಗುವಿಗೂ ಅಪಾಯವಿಲ್ಲ. ಕಿಮೊಥೆರಪಿ ಪಡೆದ ನಂತರದ ಕೆಲವು ದಿನ ಔಷಧದ ಅಂಶ ದೇಹದ ದ್ರವಗಳಲ್ಲಿ ಇರುವ ಸಾಧ್ಯತೆಯಿರುವುದರಿಂದ ಕಾಂಡೋಮ್ ಬಳಸಬೇಕು. ಚಿಕಿತ್ಸೆಯ ಅವಧಿಯಲ್ಲಿ ಮತ್ತು ಅದು ಮುಗಿದು ವೈದ್ಯರು ಹೇಳುವವರೆಗೆ ಗರ್ಭಧಾರಣೆಯನ್ನು ತಪ್ಪಿಸಬೇಕು. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ತೀರ ಕಡಿಮೆಯಾದ ದಿನಗಳಲ್ಲಿ ಸೋಂಕು, ರಕ್ತಸ್ರಾವದ ಭಯವಿರುವುದರಿಂದ ಸಂಭೋಗವನ್ನು ಮುಂದೂಡುವಂತೆ ಹೇಳುತ್ತಾರೆ. ಒಣಗುವಿಕೆಗೆ ನೀರು ಆಧಾರದ ಜೆಲ್ ಸುರಕ್ಷಿತ. ಮನೆಯಲ್ಲಿರುವ ಕೊಬ್ಬರಿ ಎಣ್ಣೆಯನ್ನು ಕಾಂಡೋಮ್ ಜೊತೆ ಬಳಸಿದರೆ ಎಣ್ಣೆಯಿಂದ ರಬ್ಬರು ದುರ್ಬಲವಾಗಿ ಹರಿಯುತ್ತದೆ. ಸ್ತನ ಕ್ಯಾನ್ಸರ್ ಇದ್ದವರು ಹಾರ್ಮೋನು ಇರುವ ಕ್ರೀಮನ್ನು ಕ್ಯಾನ್ಸರ್ ತಜ್ಞರನ್ನು ಕೇಳದೆ ಬಳಸಬಾರದು.

ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿನ ವಿಷಯ ಇನ್ನೂ ಸೂಕ್ಷ್ಮ. ಅದು ಲೈಂಗಿಕ ಸಂಪರ್ಕದಿಂದ ಬರುತ್ತದೆ ಎಂದಷ್ಟೇ ಹೇಳಿ ನಿಲ್ಲಿಸಿದರೆ ಮನೆಯಲ್ಲಿ ಅನುಮಾನದ ಬೆಂಕಿ ಹತ್ತುತ್ತದೆ. ಬಹುಪಾಲು ಜನರಿಗೆ ಜೀವನದ ಒಂದಲ್ಲ ಒಂದು ಹಂತದಲ್ಲಿ ಈ ಸೋಂಕು ತಗಲುತ್ತದೆ, ಹೆಚ್ಚಿನವರಲ್ಲಿ ತಾನಾಗಿ ಹೋಗುತ್ತದೆ, ಉಳಿದುಕೊಂಡವರಲ್ಲಿ ಕ್ಯಾನ್ಸರ್ ಆಗಲು ಹತ್ತಾರು ವರ್ಷ ಬೇಕಾಗುತ್ತದೆ. ಆದ್ದರಿಂದ ಇಂದಿನ ರೋಗ ಯಾರ ನಡತೆಗೂ ಸಾಕ್ಷಿಯಾಗಲಾರದು ಎಂಬುದನ್ನು ಅದೇ ಉಸಿರಿನಲ್ಲಿ ಹೇಳಲು ತರಬೇತಿ ಕಲಿಸಬೇಕು.

ಕೋಣೆಯೊಳಗೆ ಯಾರಿರಬೇಕು?

ನಮ್ಮಲ್ಲಿ ರೋಗಿ ಒಬ್ಬರೇ ಆಸ್ಪತ್ರೆಗೆ ಬರುವುದು ಅಪರೂಪ. ಅತ್ತೆ, ತಮ್ಮ, ಮಗ ಜೊತೆಗಿರುವಾಗ ಈ ಮಾತು ಸಾಧ್ಯವಿಲ್ಲ. ಅವರನ್ನು ಆ ಹೊತ್ತಿನಲ್ಲಿ ಮಾತ್ರ ಹೊರಗೆ ಕಳಿಸಿದರೆ ಏನು ಮಾತಾಯಿತೆಂಬ ಕುತೂಹಲ ಹುಟ್ಟುತ್ತದೆ. ಆದ್ದರಿಂದ ಪ್ರತಿಯೊಬ್ಬ ರೋಗಿಯೊಂದಿಗೂ ಕೆಲವು ನಿಮಿಷ ಒಬ್ಬರೇ ಮಾತನಾಡುವುದನ್ನು ಆಸ್ಪತ್ರೆಯ ಕ್ರಮವಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ಸಂಗಾತಿಯನ್ನು ಒಳಗೆ ಕರೆಯಬೇಕೇ ಎಂಬುದನ್ನು ರೋಗಿಯೇ ನಿರ್ಧರಿಸಬೇಕು, ಮತ್ತು ಆಡಿದ ಮಾತು ಅವರ ಒಪ್ಪಿಗೆಯಿಲ್ಲದೆ ಮನೆಯವರಿಗೆ ಹೋಗಬಾರದು.

ಪ್ರಶ್ನೆ ಕೇಳಿದಾಗ ಕೆಲವೊಮ್ಮೆ ನಿರೀಕ್ಷಿಸದ ಉತ್ತರ ಬರುತ್ತದೆ. ಗಾಯ ಮಾಗುವ ಮೊದಲೇ ಗಂಡ ಬಲವಂತ ಮಾಡುತ್ತಾನೆಂದು ಒಬ್ಬ ಹೆಂಗಸು ಹೇಳಬಹುದು. ಆಗ ಜೆಲ್ ಬರೆದುಕೊಡುವುದು ಉತ್ತರವಲ್ಲ. ಆಕೆಯ ಸುರಕ್ಷತೆಯ ಬಗ್ಗೆ ವಿಚಾರಿಸುವುದು, 181 ಮಹಿಳಾ ಸಹಾಯವಾಣಿ ಮತ್ತು ದೌರ್ಜನ್ಯಕ್ಕೆ ಒಳಗಾದ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರದ ಮಾಹಿತಿ ಕೊಡುವುದು, ಒಂದಿಷ್ಟು ಕಾಲ ದೂರವಿರಬೇಕೆಂಬ ವೈದ್ಯಕೀಯ ಸಲಹೆಯನ್ನು ಚೀಟಿಯಲ್ಲಿ ಬರೆದುಕೊಡುವುದು ತಂಡಕ್ಕೆ ತಿಳಿದಿರಬೇಕು. ಈ ಭಾಗವಿಲ್ಲದ ತರಬೇತಿಯನ್ನು ನಾನು ಪೂರ್ಣವೆಂದು ಒಪ್ಪುವುದಿಲ್ಲ.

ಯಾರಿಗೆ ತರಬೇತಿ, ಫಲವೇನು?

ತಜ್ಞ ವೈದ್ಯರಿಗಿಂತ ರೋಗಿಯ ಜೊತೆ ಹೆಚ್ಚು ಹೊತ್ತು ಇರುವವರು ನರ್ಸ್‌ಗಳು. ಕಿಮೊ ಡ್ರಿಪ್ ಇಳಿಯುವ ಗಂಟೆಗಳಲ್ಲಿ ನಂಬಿಕೆ ಬೆಳೆಯುತ್ತದೆ. ಆದ್ದರಿಂದ ಅನೇಕ ತರಬೇತಿಗಳು ಅವರನ್ನೇ ಕೇಂದ್ರವಾಗಿಟ್ಟುಕೊಂಡಿವೆ. ಎಂಬಿಬಿಎಸ್ ಪಠ್ಯಕ್ರಮದಲ್ಲಿ 2019ರಿಂದ ಮನೋಭಾವ, ನೀತಿ ಮತ್ತು ಸಂವಹನವನ್ನು ಕಲಿಸುವ ‘ಎಟ್ಕಾಮ್’ ಎಂಬ ಭಾಗ ಸೇರಿದೆ. ಕೆಟ್ಟ ಸುದ್ದಿಯನ್ನು ರೋಗಿಗೆ ಹೇಳುವ ಬಗೆಯನ್ನು ಕಲಿಸಲಾಗುವುದಾದರೆ ಈ ಮಾತನ್ನು ಆಡುವ ಬಗೆಯನ್ನೂ ಅದೇ ರೀತಿ ಕಲಿಸಬಹುದು. ಕೋಲಾರ, ತುಮಕೂರಿನ ವೈದ್ಯಕೀಯ ಕಾಲೇಜುಗಳಿಗೆ ಇದಕ್ಕಾಗಿ ಹೊಸ ಕಟ್ಟಡವಾಗಲಿ ಯಂತ್ರವಾಗಲಿ ಬೇಕಿಲ್ಲ.

ಹೊರದೇಶಗಳ ಅಧ್ಯಯನಗಳಲ್ಲಿ ತರಬೇತಿ ಪಡೆದವರ ತಿಳಿವಳಿಕೆ, ಆತ್ಮವಿಶ್ವಾಸ ಮತ್ತು ಪ್ರಶ್ನೆ ಕೇಳುವ ರೂಢಿ ಹೆಚ್ಚಿದ್ದು ಮತ್ತೆ ಮತ್ತೆ ಕಂಡಿದೆ. ಅದರಿಂದ ರೋಗಿಗಳ ಬದುಕು ಎಷ್ಟು ಸುಧಾರಿಸಿತೆಂಬ ಪುರಾವೆ ಇನ್ನೂ ಅಷ್ಟು ಗಟ್ಟಿಯಾಗಿಲ್ಲ. ಒಂದು ದಿನದ ಕಾರ್ಯಾಗಾರದಲ್ಲಿ ಕಲಿತದ್ದು ಕೆಲಸದ ಒತ್ತಡದಲ್ಲಿ ಮಾಸಿಹೋಗುವುದು ಸಹಜ. ಅದು ಉಳಿಯಲು ಕೇಸ್ ಶೀಟಿನಲ್ಲಿ ನೋವು, ನಿದ್ರೆ, ಹಸಿವಿನ ಪಕ್ಕದಲ್ಲೇ ಈ ಪ್ರಶ್ನೆಗೂ ಒಂದು ಸಾಲು ಇರಬೇಕು; ಮುಂದೆ ಯಾರ ಬಳಿ ಕಳಿಸಬೇಕೆಂಬ ಪಟ್ಟಿ ಆ ಮೇಜಿನ ಮೇಲೆಯೇ ಸಿಗಬೇಕು.

ಯಾವಾಗ ಕೇಳಬೇಕು?

ಚಿಕಿತ್ಸೆ ಆರಂಭಿಸುವ ಮೊದಲೇ ಒಮ್ಮೆ ಕೇಳಲೇಬೇಕು, ಏಕೆಂದರೆ ಕೆಲವು ಅವಕಾಶಗಳು ಆಮೇಲೆ ಸಿಗುವುದಿಲ್ಲ. ಕಿಮೊಥೆರಪಿಗೆ ಮೊದಲು ಯುವಕನ ವೀರ್ಯವನ್ನು ಸಂಗ್ರಹಿಸಿ ಶೀತಲೀಕರಿಸಿಡಬಹುದು; ಯುವತಿಯ ಅಂಡಾಣುಗಳನ್ನು ತೆಗೆದಿಡಲು ಸುಮಾರು ಎರಡು ವಾರ ಬೇಕಾಗುವುದರಿಂದ ಮಾತು ಮೊದಲ ಭೇಟಿಯಲ್ಲೇ ಆಗಬೇಕು. ಚಿಕಿತ್ಸೆ ಮುಗಿದಾಗ ಎರಡನೆಯ ಸಲ ಕೇಳಬೇಕು. ಅಲ್ಲಿಗೆ ನಿಲ್ಲಿಸುವಂತಿಲ್ಲ: ಪ್ರಾಸ್ಟೇಟಿಗೆ ವಿಕಿರಣ ಪಡೆದವರಲ್ಲಿ ನಿಮಿರುವಿಕೆಯ ತೊಂದರೆ ತಕ್ಷಣ ಕಾಣದೆ ವರ್ಷಗಳ ನಂತರ ನಿಧಾನವಾಗಿ ಬರಬಹುದು, ವಿಕಿರಣ ಪಡೆದ ಮಹಿಳೆಯಲ್ಲಿ ದಾರಿ ಕಿರಿದಾಗುವುದೂ ತಿಂಗಳುಗಟ್ಟಲೆ ಮುಂದುವರಿಯಬಹುದು, ಸೇರಿದ ನಂತರ ರಕ್ತ ಕಾಣಿಸಿಕೊಂಡರೆ ರೋಗ ಮರುಕಳಿಸಿದೆಯೇ ಎಂದು ಪರೀಕ್ಷಿಸಬೇಕಾಗಬಹುದು. ಹೀಗಾಗಿ ಪ್ರತಿ ತಪಾಸಣೆಯ ದಿನವೂ ಅದೇ ಪ್ರಶ್ನೆಯನ್ನು, ಹಿಂದಿನ ಸಲ ‘ಇಲ್ಲ’ ಎಂದವರಿಗೂ, ಮತ್ತೆ ಕೇಳಬೇಕು.